ಲಾಗ್ ನೋಡಿಯೇ ಕಂಪ್ಯೂಟರ್ ನಿಲ್ಲಿಸಿದರು

ಇವತ್ತಿನ ಅವಸ್ಥೆ ಕೇಳಿ ಮಾರಾಯ್ರೆ! ಅತ್ತಾವರದ ನಮ್ಮ ಆಸ್ಪತ್ರೆಗೆ ಹೊಸದಾಗಿ ಬಂದ ಕಂಪ್ಯೂಟರ್ ಬೆಳಿಗ್ಗೆಯಿಂದ ಮತ್ತೆ ಮತ್ತೆ ನಿಂತುಹೋಯಿತು. ಡಿಸ್ಚಾರ್ಜ್ ಚೀಟಿ ಸಿಗದೆ ಬಾಣಂತಿಯರು ಕೂಸು ಹಿಡಿದು ಬೆಂಚಿನಲ್ಲೇ ಕುಳಿತಿದ್ದರು. ಬೆಂಗಳೂರಿನಿಂದ ಕಂಪೆನಿಯ ಇಂಜಿನಿಯರ್ ಆಫೀಸು ನೋಡಿಕೊಳ್ಳುವ ನನಗೆ ಟ್ರಂಕ್ ಕಾಲ್ ಮಾಡಿ ರೇಗಿದರು: "ಕಂಪ್ಯೂಟರ್ ತಾನು ಮಾಡಿದ್ದನ್ನೆಲ್ಲ ಬರೆದಿಡೋ ಲಾಗನ್ನು ಇನ್ನೊಂದು ಫೋನ್ ಲೈನಿನಲ್ಲಿ ಇಲ್ಲಿಂದಲೇ ನೋಡ್ತಿದ್ದೀನಿ ಕಣ್ರೀ. ನಿಮ್ಮ ಹುಡುಗಿಗೇ ಕೆಲಸ ಬರಲ್ಲ."

ಆಪರೇಟರ್ ವನಜ ಅಳುತ್ತಲೇ ಹೇಳಿದಳು, "ಅವರು ಲಾಗ್ ನೋಡ್ಲಿಕ್ಕೆ ಶುರು ಮಾಡಿದ ಕೂಡ್ಲೇ ನಿಲ್ತದೆ ಸಾರ್."

ಸಿಟ್ಟಿನಲ್ಲಿ ಆ ಲೈನಿನ ವಯರನ್ನೇ ಕಿತ್ತೆ. ಆಮೇಲೆ ಕಂಪ್ಯೂಟರ್ ನಿಲ್ಲಲೇ ಇಲ್ಲ. ಮಧ್ಯಾಹ್ನದೊಳಗೆ ಬಾಣಂತಿಯರೆಲ್ಲ ಮನೆಗೆ ಹೋದರು.

ಸಂಜೆ ಅದೇ ಇಂಜಿನಿಯರ್ ಫೋನು. ವನಜಳ ಕ್ಷಮೆ ಕೇಳಲಿಕ್ಕೆ ಅಲ್ಲ! "ಏನ್ರೀ, ಲಾಗೇ ಕಾಣ್ತಿಲ್ಲ. ಕಂಪ್ಯೂಟರ್ ಪೂರ್ತಿ ಕೆಟ್ಟಿದೆಯಾ?"

"ಇಲ್ಲ ಸಾರ್, ನೀವು ನೋಡದಿದ್ದರೆ ಅದಕ್ಕೆ ಎಂತ ತೊಂದರೆಯೂ ಇಲ್ಲ."