ಆಯುಧಪೂಜೆಗೆ ಇಟ್ಟ ರೇಜರು

ಹಳೆಯ ಸೇಫ್ಟಿ ರೇಜರನ್ನು ಬೂದಿ ಹಾಕಿ ಉಜ್ಜಬಾರದು. ಹುಣಸೆಹಣ್ಣು, ನಿಂಬೆಹಣ್ಣುಗಳನ್ನಂತೂ ಮುಟ್ಟಿಸಲೇಬಾರದು. ಮೊದಲು ಬ್ಲೇಡಿನ ಎರಡು ತುದಿ ಹಿಡಿದು ಅದನ್ನು ತೆಗೆದಿಡಬೇಕು. ಉಳಿದ ತುಂಡುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಯಲು ಬಿಡಬೇಕು. ಬೇವಿನ ಕಡ್ಡಿಯ ತುದಿಯನ್ನು ಕಲ್ಲಿನಲ್ಲಿ ಜಜ್ಜಿ, ಆ ನಾರಿನಿಂದ ತಿರುಪಿನ ಸುತ್ತುಗಳಲ್ಲಿ ಕೂತ ಸೋಪಿನ ಕೊಳೆ ತೆಗೆಯಬೇಕು. ಒರೆಸಿ, ನೆರಳಿನಲ್ಲಿ ಆರಿಸಿ, ತಿರುಪಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಸಾಕು. ಬ್ಲೇಡನ್ನು ಮಾತ್ರ ಒರೆಸುವಂತಿಲ್ಲ, ಒಗೆದ ಬಟ್ಟೆಯ ಮೇಲೆ ಮೆಲ್ಲಗೆ ಒತ್ತಿ ತೇವ ತೆಗೆಯಬೇಕು.

ಇದರಲ್ಲಿ ಅರ್ಧವನ್ನು ನನ್ನ ಅಣ್ಣ ಪಟಾಲಮ್ಮಿನಲ್ಲಿ ಕಲಿತು ಬಂದಿದ್ದ. ಇನ್ನರ್ಧ ನಮ್ಮ ಊರಿನ ಕ್ಷೌರಿಕನದು.

ಯುದ್ಧ ಮುಗಿದ ಮರುವರ್ಷ ಅಣ್ಣ ಸೈನ್ಯದಿಂದ ಬಿಡುಗಡೆಯಾಗಿ ಊರಿಗೆ ಬಂದ. ನಮ್ಮದು ಕೆಲಮಂಗಲದಿಂದ ಎರಡು ಮೈಲಿ ದೂರದ ಹಳ್ಳಿ. ನನಗೆ ಆಗ ಇಪ್ಪತ್ತೆರಡು, ಕೆಲಮಂಗಲದ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಅಣ್ಣ ತಂದ ತಗಡಿನ ಪೆಟ್ಟಿಗೆಯಲ್ಲಿ ನಿಕ್ಕಲ್ ಲೇಪದ ಒಂದು ಹಿತ್ತಾಳೆ ರೇಜರು ಇತ್ತು. ಹಿಡಿ ತಿರುಗಿಸಿದರೆ ಮೂರು ತುಂಡಾಗುತ್ತಿತ್ತು. ಅಂಥದ್ದು ಊರಿನಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ.

ಕ್ಷೌರಿಕನಿಗೆ ಅರವತ್ತು ದಾಟಿತ್ತು. ಮನೆಯಲ್ಲಿ ಅವನೂ ಅವನ ಹೆಂಡತಿಯೂ ಇಬ್ಬರೇ. ಇಳಿಬಿದ್ದ ಬಿಳಿ ಮೀಸೆ, ಬಗಲಲ್ಲಿ ಕತ್ತಿ ಕತ್ತರಿಗಳ ಚರ್ಮದ ಚೀಲ. ಬುಧವಾರ ನಮ್ಮ ಮನೆಯ ಪಾಳಿ. ಮನೆ ಮುಂದಿನ ಹೊಂಗೆಮರದ ಕೆಳಗಿನ ಕಲ್ಲಿನ ಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ಕೂರಿಸಿ ಮುಖ, ತಲೆ ಮಾಡುತ್ತಿದ್ದ. ಯಾರೂ ಅವನಿಗೆ ಆಗಿಂದಾಗಲೇ ಏನೂ ಕೊಡುತ್ತಿರಲಿಲ್ಲ. ರಾಗಿ ಬಡಿಯುವ ಕಾಲಕ್ಕೆ ಒಂದೊಂದು ಮನೆಯ ಕಣಕ್ಕೂ ಹೋಗಿ, ಅಂಚಿನಲ್ಲಿ ಗೋಣಿಚೀಲ ಹಾಸಿ ನಿಲ್ಲುತ್ತಿದ್ದ. ಬಾಯಿ ಬಿಟ್ಟು ಕೇಳುವಂತಿರಲಿಲ್ಲ. ಮನೆಯವರು ಅವನ ಪಾಲಿನ ರಾಗಿ ಹಾಕುತ್ತಿದ್ದರು. ವರ್ಷವಿಡೀ ಇಬ್ಬರ ಹೊಟ್ಟೆಗೆ ಅದೇ.

ಬಂದ ಮೊದಲ ಬುಧವಾರವೇ ಅಣ್ಣ ಕಲ್ಲಿನ ಮೇಲೆ ಕೂರಲಿಲ್ಲ.

“ನನ್ ಗಡ್ಡ ನಾನೇ ಕೆರ್ಕತೀನಿ. ಇವ್ನಿನ್ಯಾಕೆ?” ಎಂದು ಅಪ್ಪನನ್ನು ಕೇಳಿದ.

“ಅವ್ನ್ ಕೈಯಿಂದ ಈ ಮನೆ ಬುಡ್ಸಕಾಗಲ್ಲ ಕಣಪ್ಪ,” ಎಂದರು ಅಪ್ಪ. “ಮದ್ವೆಗೂ ಅವ್ನೇ ಬರ್ಬೇಕು, ನಾನು ಸತ್ರೆ ನಿನ್ ತಲೆ ಬೋಳ್ಸಕೂ ಅವ್ನೇ ಬರ್ಬೇಕು.”

“ಹಂಗಾರೆ ಬರ್ಲಿ. ಬಂದು ರೇಜರ್ ತೊಳೀಲಿ.”

ಕ್ಷೌರಿಕ ಜಗಲಿಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ರೇಜರನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

“ಹಲ್ಲೈತೆ, ಬಾಯಿಲ್ಲ ಇದ್ಕೆ,” ಎಂದ.

“ನಿಂಗೆ ಬಾಯೈತೆ, ಹಲ್ಲಿಲ್ಲ. ತೊಳಿ ಕಣ್ಲಾ,” ಎಂದ ಅಣ್ಣ.

ಅವನು ನಕ್ಕ, ತೊಳೆದ. ಮೂರನೆಯ ವಾರಕ್ಕೆ ಅಣ್ಣನಿಗಿಂತ ಚೆನ್ನಾಗಿ ತೊಳೆಯುತ್ತಿದ್ದ. ಬೇವಿನ ಕಡ್ಡಿ ಅವನದೇ ಉಪಾಯ. ಬ್ಲೇಡು ಸಿಗುವುದು ಕಷ್ಟವಾಗಿದ್ದ ಕಾಲ, ಹೊಸೂರಿನಲ್ಲೂ ಕೆಲವು ತಿಂಗಳು ಇರುತ್ತಿರಲಿಲ್ಲ. ಅಣ್ಣ ಹಳೆಯ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ತೀಡಿ ಮತ್ತೆ ಹಾಕುತ್ತಿದ್ದ. ಅದಾದ ಮೇಲೆ ಕ್ಷೌರಿಕ ಅದನ್ನು ತನ್ನ ಅಂಗೈ ಮೇಲೆ ಎಂಟು ಹತ್ತು ಸಲ ಎಳೆದು ಕೊಡುತ್ತಿದ್ದ. ಒಂದು ಬ್ಲೇಡು ತಿಂಗಳು ದಾಟಿ ಬಂತು. ಅಣ್ಣ ಅದನ್ನು ಯಾರ ಮುಂದೆಯೂ ಹೇಳಲಿಲ್ಲ.

ಆ ವರ್ಷ ಆಯುಧಪೂಜೆಯ ಹೊತ್ತಿಗೆ ಅಣ್ಣ ಹೊಸೂರಿಗೆ ಕೆಲಸ ಹುಡುಕಿಕೊಂಡು ಹೋಗಿದ್ದ, ರೇಜರು ಮನೆಯಲ್ಲಿತ್ತು. ನಮ್ಮಲ್ಲಿ ಆ ದಿನ ಮನೆಯಲ್ಲಿರುವ ಕಬ್ಬಿಣವನ್ನೆಲ್ಲ ತೊಳೆದು ನಡುಮನೆಯಲ್ಲಿ ಸಾಲಾಗಿ ಇಡುತ್ತಾರೆ. ನೇಗಿಲಿನ ಕುಳ, ಕುಡುಗೋಲು, ಮಚ್ಚು, ಈಳಿಗೆಮಣೆ ಎಲ್ಲಕ್ಕೂ ಪೂಜೆ. ಅವ್ವ ಪೆಟ್ಟಿಗೆ ತೆಗೆದು ರೇಜರನ್ನೂ ತಂದು ಕುಡುಗೋಲಿನ ಪಕ್ಕದಲ್ಲಿಟ್ಟಳು. ಎಲ್ಲಕ್ಕೂ ವಿಭೂತಿ ಬಳಿದು, ನಿಂಬೆಹಣ್ಣು ಹೆಚ್ಚಿ, ಹೋಳುಗಳನ್ನು ಕುಂಕುಮದಲ್ಲಿ ಅದ್ದಿ ಒಂದೊಂದರ ಮೇಲೂ ಒತ್ತಿದಳು. ರೇಜರಿನ ತಲೆಯ ಮೇಲೂ ಒಂದು ಹೋಳು ಒತ್ತಿದಳು. ಹೂವಿನ ತಟ್ಟೆ ಹಿಡಿದು ನಾನು ಪಕ್ಕದಲ್ಲಿದ್ದೆ.

ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನದ ತನಕ ಕದಲಿಸುವಂತಿಲ್ಲ. ಮಾರನೆಯ ದಿನ ಕುಡುಗೋಲು ಹೊಲಕ್ಕೆ ಹೋಯಿತು, ಮಚ್ಚು ಸೌದೆಗೆ ಹೋಯಿತು. ರೇಜರನ್ನು ಅವ್ವ ಹಾಗೆಯೇ ಪೆಟ್ಟಿಗೆಗೆ ಹಾಕಿ ಮುಚ್ಚಿದಳು.

ಬುಧವಾರ ಅಣ್ಣ ವಾಪಸ್ಸು ಬಂದಿದ್ದ. ಕೆಲಸ ಸಿಕ್ಕಿರಲಿಲ್ಲ. ಹೊಂಗೆಮರದ ಕೆಳಗೆ ಊರಿನ ನಾಲ್ಕೈದು ಜನ ಕೂತಿದ್ದರು. ಕ್ಷೌರಿಕ ಪೆಟ್ಟಿಗೆ ತೆಗೆದು, ತಿರುಪು ಬಿಚ್ಚಲು ಹೋದ. ಅದು ಬಿಗಿದುಕೊಂಡಿತ್ತು. ಎಣ್ಣೆ ಬಿಟ್ಟು ಬಿಚ್ಚಿದ. ಬ್ಲೇಡು ತುಕ್ಕು ಹಿಡಿದು ಕೆಂಪಾಗಿತ್ತು. ಮುಚ್ಚಳದ ಲೇಪವು ಹೋಳಿನ ಆಕಾರಕ್ಕೇ ಎದ್ದುಹೋಗಿ ಹಿತ್ತಾಳೆ ಕಾಣುತ್ತಿತ್ತು. ಅವನು ಮುಚ್ಚಳವನ್ನು ಮೂಗಿನ ಹತ್ತಿರ ಹಿಡಿದು ಮೂಸಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ನೋಡಿದ, ತಲೆ ತಗ್ಗಿಸಿದ. ಮನೆಯ ಯಜಮಾನಿತಿಯ ಮೇಲೆ ಅವನು ಮಾತು ಎತ್ತುವಂತಿರಲಿಲ್ಲ.

ಅಣ್ಣ ರೇಜರನ್ನು ಕಿತ್ತುಕೊಂಡ. “ಏನ್ ಮಾಡ್ಬುಟ್ಟೆಲಾ ಇದ್ನ?”

“ನಾನು ಮಡಗ್ದಾಗ ಹಿಂಗಿರ್ನಿಲ್ಲ ಬುದ್ಧಿ.”

“ಇದ್ನ ಬಿಚ್ಚೋನು ನೀನು, ತೊಳೆಯೋನು ನೀನು. ಇನ್ಯಾರು ಮುಟ್ಟವ್ರೆ?”

ಉತ್ತರ ಗೊತ್ತಿದ್ದವರು ಮೂವರು. ಅವ್ವ ಒಳಗೆ ಹೋದಳು. ನಾನು ಅವಳ ಹಿಂದೆ ಹೋದೆ.

“ಹೇಳ್ಬುಡವ್ವ,” ಎಂದೆ.

“ಹೇಳಿ? ಕೆಲ್ಸ ಸಿಕ್ದೆ ಬಂದವ್ನೆ, ಉರೀತಾವ್ನೆ. ಆ ಉರಿ ಹೊರಗ್ನೋನ್ಮೇಲೆ ಹೋದ್ರೆ ಹೋಗ್ಲಿ ಬುಡು. ಅವ್ನು ತಡ್ಕತಾನೆ.”

ನಾನು ಹೊರಗೆ ಬಂದಾಗ ಅಣ್ಣ ಕ್ಷೌರಿಕನನ್ನು ಕಲ್ಲಿನ ಮೇಲೆ ಕೂರಿಸಿದ್ದ. ಆ ಕಲ್ಲಿನ ಮೇಲೆ ಅವನು ಅದುವರೆಗೆ ಕೂತವನಲ್ಲ. ಅಣ್ಣ ಅದೇ ಬ್ಲೇಡನ್ನು ರೇಜರಿಗೆ ಹಾಕಿ ಬಿಗಿದ.

“ತುಕ್ಕೈತೆ ಬುದ್ಧಿ. ಬ್ಯಾರೆ ಬ್ಲೇಡು ಹಾಕ್ಕಳಿ.”

“ನೀನ್ ಕಾಪಾಡಿರೋ ಬ್ಲೇಡು ತಾನೆ. ರುಚಿ ನೋಡು.”

ಸೋಪಿಲ್ಲ, ನೀರಿಲ್ಲ. ಮೀಸೆಯನ್ನು ಬಲದಿಂದ ಎಡಕ್ಕೆ ಎಳೆದು ಕೆರೆದ. ಅರ್ಧ ಕೂದಲು ಕತ್ತರಿಸಿತು, ಅರ್ಧ ಕಿತ್ತು ಬಂತು. ಮೇಲ್ದುಟಿ ಎರಡು ಕಡೆ ಕೊಯ್ದುಕೊಂಡಿತು. ಮುದುಕ ಎರಡು ಕೈಯಲ್ಲೂ ಕಲ್ಲಿನ ಅಂಚು ಹಿಡಿದು ಕೂತಿದ್ದ. ಕೂತವರಲ್ಲಿ ಒಬ್ಬ, “ಮದ್ವೆ ಗಂಡು ಆಗ್ಬುಟ್ಟ ಕಣ್ಲಾ, ಹೆಣ್ಣು ನೋಡ್ರೋ,” ಎಂದ. ಎಲ್ಲರೂ ನಕ್ಕರು. ಅಪ್ಪ ಕೊಟ್ಟಿಗೆಯ ಕಡೆ ಹೋದರು.

ಮುಗಿದ ಮೇಲೆ ಕ್ಷೌರಿಕ ಅಣ್ಣನ ಕೈಯಿಂದ ರೇಜರನ್ನು ತೆಗೆದುಕೊಂಡ. ಬಿಚ್ಚಿದ. ತನ್ನ ಕೂದಲನ್ನು ಬೇವಿನ ಕಡ್ಡಿಯಿಂದ ತೆಗೆದು, ತೊಳೆದು, ತಿರುಪಿಗೆ ಒಂದು ಹನಿ ಎಣ್ಣೆ ಬಿಟ್ಟು ಜಗಲಿಯ ಮೇಲೆ ಇಟ್ಟ. ಗದ್ದದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅದನ್ನು ಮೊಣಕೈಯಿಂದ ಒರೆಸಿಕೊಳ್ಳುತ್ತಿದ್ದ, ರೇಜರಿನ ಮೇಲೆ ಬೀಳದ ಹಾಗೆ.

“ಈಗ ಕಲ್ತ ನೋಡಿ ಕೆಲ್ಸ,” ಎಂದ ಅಣ್ಣ.

ಗಾಯ ಕೀವಾಯಿತು. ತುಟಿ ಊದಿ, ಒಡೆದು, ಆರಿ, ಮತ್ತೆ ಒಡೆಯಿತು. ಆ ಮುಖವನ್ನು ಹತ್ತಿರ ಇಟ್ಟುಕೊಂಡು ತಲೆ ಕೊಡುವುದಕ್ಕೆ ಜನ ಹೇಸಿದರು. ಜೊತೆಗೆ, ನಮ್ಮ ಮನೆಯಲ್ಲಿ ಅವನು ಸಾಮಾನು ಕೆಡಿಸಿದನಂತೆ ಎಂಬ ಮಾತು ಮನೆಯಿಂದ ಮನೆಗೆ ಹೋಗಿತ್ತು. ಒಂದೊಂದೇ ಮನೆಯವರು ಕೆಲಮಂಗಲದ ಸಂತೆಯಲ್ಲಿ ತಲೆ ಮಾಡಿಸಿಕೊಳ್ಳತೊಡಗಿದರು. ಉಳಿದವರು ನಮ್ಮ ಮನೆಯವರು ಏನು ಮಾಡುತ್ತಾರೆಂದು ಕಾಯುತ್ತಿದ್ದರು. ನಮ್ಮ ಕಣದಲ್ಲಿ ಪಾಲು ಸಿಕ್ಕರೆ ಎಲ್ಲ ಕಣದಲ್ಲೂ ಸಿಗುತ್ತಿತ್ತು.

ರಾಗಿ ಬಡಿದು ರಾಶಿ ಮಾಡಿದ ದಿನ ಅವನು ಬಂದ. ಕಣದ ಅಂಚಿನಲ್ಲಿ ಗೋಣಿಚೀಲ ಹಾಸಿ ನಿಂತ. ಮೀಸೆ ಮತ್ತೆ ಬೆಳೆದಿತ್ತು, ಗಾಯವಿದ್ದ ಎರಡು ಕಡೆ ಬಿಟ್ಟು. ಅಳೆಯುವ ಕೊಳಗ ನನ್ನ ಕೈಯಲ್ಲಿತ್ತು. ರೂಢಿಯಂತೆ ತುಂಬಿ ಎತ್ತಿದೆ.

“ಯಾವ್ ಕೆಲ್ಸಕ್ಕೆ?” ಎಂದ ಅಣ್ಣ.

ಅಪ್ಪ ಬಗ್ಗಿ ಹುಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. ಕ್ಷೌರಿಕ ಮಜ್ಜಿಗೆ ತಂದಿದ್ದ ಅವ್ವನ ಕಡೆ ತಿರುಗಿ, ನಮ್ಮ ಮನೆಯಲ್ಲಿ ಎಂದೂ ಆಡದ ಮಾತು ಆಡಿದ.

“ತಾಯೀ, ಪೂಜೆ ದಿನ ನಾನು ನಿಮ್ಮನೆಗೆ ಬಂದಿದ್ನಾ?”

“ನಂಗ್ಯಾವ್ದು ಗ್ಯಾಪ್ಕ,” ಎಂದಳು ಅವ್ವ.

ಅವನು ನನ್ನನ್ನು ನೋಡಿದ. “ಮೇಷ್ಟ್ರೇ, ನೀವು ಇದ್ರಲ್ಲ?”

“ಕಣದಲ್ಲಿ ಯಾಕಪ್ಪ ಆ ಮಾತು,” ಎಂದೆ ನಾನು.

ಅವನು ಗೋಣಿಚೀಲವನ್ನು ಎತ್ತಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡ. ಪಕ್ಕದ ಕಣದವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವನು ಅಲ್ಲಿಗೆ ಹೋಗಲಿಲ್ಲ. ಆ ವಾರವೇ ಗಂಡಹೆಂಡತಿ ಇಬ್ಬರೂ ಅಂಚೆಟ್ಟಿ ಕಡೆಗೆ ನಡೆದು ಹೋದರು ಎಂದು ಆಮೇಲೆ ಕೇಳಿದೆ. ಅಲ್ಲಿ ಅವರಿಗೆ ಯಾರೂ ಇರಲಿಲ್ಲ.

ಅವನು ಬದು ದಾಟುವ ತನಕ ನಾನು ತುಂಬಿದ ಕೊಳಗ ಹಿಡಿದೇ ನಿಂತಿದ್ದೆ. ಆಮೇಲೆ ಅದನ್ನು ನಮ್ಮ ರಾಶಿಗೆ ಸುರಿದೆ.