ರಾಮಯ್ಯ ಕ್ಲಚ್ಚಿನ ಗಾಳಿ ತೆಗೆದದ್ದು

ಕೋಣನಕುಂಟೆಯ ರಾಮಯ್ಯನಿಗೆ ಗಾಡಿ ರಿಪೇರಿ ಬರುತ್ತದೆಂದು ನಂಬಿದ್ದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದ. ಅದು ರಾಮಯ್ಯ. ಅಪ್ಪನ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಆರು ಬಾಡಿಗೆ ಮನೆಗಳು ನಿಂತಿದ್ದವು. ನಿಂತಲ್ಲೇ ಅವು ದುಡಿಯುತ್ತಿದ್ದುದರಿಂದ ಯಜಮಾನನಿಗೆ ಮಾಡಲು ಏನೂ ಉಳಿದಿರಲಿಲ್ಲ. ನಿಜವಾದ ಕೆಲಸ ಇದ್ದದ್ದು ಹೆಂಡತಿ ಲಕ್ಷ್ಮಮ್ಮನಿಗೆ. ಜಯನಗರ, ಬನಶಂಕರಿಯ ಕಲ್ಯಾಣ ಮಂಟಪಗಳಿಗೆ ಅವಳು ಬಾಳೆಎಲೆ ಸಪ್ಲೈ ಮಾಡುತ್ತಿದ್ದಳು. ಪಿಕಪ್ ಗಾಡಿ ಅವಳ ವ್ಯಾಪಾರದ್ದು, ರಾಮಯ್ಯ ಅದರ ಡ್ರೈವರು.

ಆಯುಧಪೂಜೆಯ ಬೆಳಗ್ಗೆ ಅವನಿಗೆ ಭಕ್ತಿ ಉಕ್ಕಿ ಬಂತು. ಗಾಡಿ ತೊಳೆದು ಬಾನೆಟ್ ಎತ್ತಿದಾಗ ಕ್ಲಚ್ ಆಯಿಲ್‌ನ ಪುಟ್ಟ ಡಬ್ಬಿ ಕಣ್ಣಿಗೆ ಬಿತ್ತು. ಒಳಗಿನ ಎಣ್ಣೆ ಕರ್ರಗಾಗಿತ್ತು. ಕುಂಕುಮ ಇಡುವ ಕಡೆ ಇಂಥ ಕೊಳಕೇ ಎಂದು ಎಲ್ಲವನ್ನೂ ಹೀರಿ ತೆಗೆದು, ಒಳಗೆಲ್ಲ ಬಟ್ಟೆಯಿಂದ ಒರೆಸಿದ. ಡಬ್ಬಿ ಖಾಲಿ ಇರುವಾಗಲೇ ಪೆಡಲ್ಲನ್ನೂ ತಿಕ್ಕಿ ತೊಳೆಯುತ್ತಾ ಹತ್ತು ಸಲ ಒತ್ತಿದ. ಹೊಸ ಎಣ್ಣೆ ಹಾಕಿ ನೋಡಿದರೆ ಪೆಡಲ್ ಬೆಣ್ಣೆಯಂತೆ ನೆಲಕ್ಕಿಳಿಯಿತು. ಎಣ್ಣೆಯ ಪೈಪಿಗೆ ಗಾಳಿ ಹೊಕ್ಕಿತ್ತು. ಮಹಾ ಮೆಕ್ಯಾನಿಕ್ ಏನೂ ಆಗದವನಂತೆ ಡಬ್ಬಿಯ ಮುಚ್ಚಳಕ್ಕೆ ಕುಂಕುಮ ಇಟ್ಟು, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಇಳಿಜಾರಿಗೆ ಬಿಟ್ಟು ನಿಂಬೆಹಣ್ಣಿನ ಮೇಲೆ ಹತ್ತಿಸಿದ.

ಲಕ್ಷ್ಮಮ್ಮ ಎರಡು ತಿಂಗಳಿಂದ ಡ್ರೈವಿಂಗ್ ಕಲಿಯುತ್ತಿದ್ದಳು. ಮರುದಿನ ಪ್ರಾಕ್ಟೀಸಿಗೆ ಕೂತು ಕ್ಲಚ್ ತುಳಿದರೆ ಅದು ಮೇಲೇಳಲಿಲ್ಲ.

"ನೋಡ್ದ್ಯಾ? ತುಳ್ದು ತುಳ್ದು ಕೊಂದೇಬಿಟ್ಟೆ," ಎಂದ ರಾಮಯ್ಯ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಲಕ್ಷ್ಮಮ್ಮ ಕೀ ತೆಗೆದು ಅವನ ಕೈಗಿಟ್ಟಳು. "ಹೋಗ್ಲಿ ಬಿಡಿ. ಸೋಮವಾರದ ಟೆಸ್ಟೂ ಬೇಡ, ಲೈಸೆನ್ಸೂ ಬೇಡ."

ರಾಮಯ್ಯ ಬಯಸಿದ್ದೂ ಅದನ್ನೇ. ಅವಳೇ ಓಡಿಸುವಂತಾದರೆ ತನ್ನಿಂದ ಯಾರಿಗೂ ಏನೂ ಆಗಬೇಕಿಲ್ಲವಲ್ಲ ಎಂಬ ಹೆದರಿಕೆ ಅವನನ್ನು ಎರಡು ತಿಂಗಳಿಂದ ಕೊರೆಯುತ್ತಿತ್ತು. ಆದರೆ ಅವಳು ಗಾಡಿಯ ಹತ್ತಿರವೂ ಸುಳಿಯದೆ ಗೂಡ್ಸ್ ಆಟೋದಲ್ಲಿ ಎಲೆ ಕಳಿಸುವುದನ್ನು ಮೂರು ದಿನ ನೋಡಿದ ಮೇಲೆ, ಹೇಗಾದರೂ ಕ್ಲಚ್ ಸರಿಮಾಡಿ ಅವಳನ್ನು ಟೆಸ್ಟಿಗೆ ಕಳಿಸಲೇಬೇಕು ಎನ್ನಿಸಿತು.

ಮೆಕ್ಯಾನಿಕ್ ಹಬ್ಬಕ್ಕೆಂದು ಊರಿಗೆ ಹೋದವನು ಬಂದಿರಲಿಲ್ಲ. ಸೋಮವಾರ ಬೆಳಗ್ಗೆ ರಾಮಯ್ಯ ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ನುಸುಳಿದ. ಈ ಕೆಲಸಕ್ಕೆ ಎರಡು ಜನ ಬೇಕು. ಮೇಲಿನವರು ಪೆಡಲ್ ಒತ್ತಿ ಹಿಡಿದಾಗ ಕೆಳಗಿನವರು ಎಣ್ಣೆ ಪೈಪಿನ ತುದಿಯ ತಿರುಪು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಬೇಕು. ನಾಲ್ಕು ಸಲ ಗೋಗರೆದ ಮೇಲೆ ಲಕ್ಷ್ಮಮ್ಮ ಬಂದು ಕೂತಳು.

"ಒತ್ತು. ಹಿಡ್ಕೊ. ಬಿಡು."

ಇಪ್ಪತ್ತು ಸಲವಾದರೂ ಪೆಡಲ್ ಮೆತ್ತಗೇ ಇತ್ತು. "ಒಸಿ ಸರಿಯಾಗಿ ಒತ್ತು!" ಎಂದು ರಾಮಯ್ಯ ರೇಗಿದ.

"ಸರಿಯಾಗೇ ಒತ್ತಿದೀನಿ. ನೀವು ಬಿಡು ಅಂದ್ಮೇಲೆ ಸ್ಪ್ಯಾನರ್ ಸದ್ದು ಬರ್ತದೆ. ತಿರುಪು ಮುಚ್ಚಿ ಆಮೇಲೆ ಹೇಳ್ಬೇಕಲ್ವಾ? ಹೋದ್ ಗಾಳಿ ವಾಪಸ್ ಬರಲ್ವಾ?"

ಮೂವತ್ತು ವರ್ಷದ ಡ್ರೈವರಿಗೆ ಎರಡು ತಿಂಗಳ ಶಿಷ್ಯೆ ಪಾಠ ಹೇಳಿದ್ದಳು, ಪಾಠ ಸರಿಯಾಗಿಯೂ ಇತ್ತು. ಅಂಗಾತ ಬಿದ್ದು, ಎಣ್ಣೆ ತೋಳಿನಿಂದ ಕಂಕುಳಿಗಿಳಿಯುತ್ತಿರುವಾಗ ಉಳಿಸಿಕೊಳ್ಳುವ ಮರ್ಯಾದೆಯಾದರೂ ಎಷ್ಟಿದೆ ಎನ್ನಿಸಿತು ರಾಮಯ್ಯನಿಗೆ.

"ಲಕ್ಷ್ಮೀ, ಕ್ಲಚ್ ಕೆಡಿಸಿದ್ದು ನೀನಲ್ಲ, ನಾನು. ಪೂಜೆ ದಿನ ಡಬ್ಬಿ ಖಾಲಿ ಮಾಡಿ ಒರೆಸ್ದೆ."

"ಮತ್ತೆ ನನ್ ತಲೆಗ್ಯಾಕೆ ಕಟ್ಟಿದ್ರಿ?"

"ನೀನೇ ಓಡಿಸ್ಕೊಂಡ್ ಹೋದ್ರೆ ನನ್ನ ಯಾರ್ ಕರೀತಾರೆ?"

ಹೇಳಿದ್ದೇ ತಡ, ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡ. ಮೇಲೆ ಪೆಡಲ್ ಒತ್ತಿದ ಸದ್ದಾಯಿತು.

"ಒತ್ತಿದೀನಿ. ತಿರುಪು ಬಿಚ್ಚಿ," ಎಂದಳು ಲಕ್ಷ್ಮಮ್ಮ. "ಈಗ ಮುಚ್ಚಿ. ಮುಚ್ಚಿದ್ರಾ? ಬಿಡ್ತೀನಿ."

ಅಲ್ಲಿಂದಾಚೆ ಅವಳು ಹೇಳಿದಳು, ಅವನು ಮಾಡಿದ. ಎಂಟನೆಯ ಸಲಕ್ಕೆ ಎಣ್ಣೆಯಲ್ಲಿ ಗುಳ್ಳೆ ಬರುವುದು ನಿಂತಿತು, ಪೆಡಲ್ ಗಟ್ಟಿಯಾಯಿತು.

ರಾಮಯ್ಯ ತೆವಳಿ ಹೊರಬಂದಾಗ ಲಕ್ಷ್ಮಮ್ಮ ಇಂಜಿನ್ ಸ್ಟಾರ್ಟ್ ಮಾಡಿದ್ದಳು. ಸೀಟಿನಿಂದ ಇಳಿಯುವ ಲಕ್ಷಣ ಕಾಣಲಿಲ್ಲ.

"ಪಾಸಾದ್ರೆ ನಾಳೆಯಿಂದ ಮಾರ್ಕೆಟ್‌ಗೆ ನಾನೇ ಓಡಿಸ್ತೀನಿ," ಎಂದಳು ಮುಂದೆ ನೋಡುತ್ತಾ. "ನೀವು ಎಲೆ ಕಟ್ಟು ಹೊರೋಕೆ ಬನ್ನಿ."

ಒಂದೇ ಬೆಳಗ್ಗೆ ಡ್ರೈವರಿನಿಂದ ಹಮಾಲಿಗೆ ಇಳಿದ ರಾಮಯ್ಯನಿಗೆ ಕಣ್ಣು ತುಂಬಿ ಬಂತು.

"ಎಷ್ಟೊತ್ತಿಗೆ ಬರ್ಲಿ?" ಎಂದ.