ಅರ್ಧ ಮುದ್ದೆಯ ಬಸುರು

ಮಕ್ಕಳೇ, ನಿಮ್ಮಕ್ಕ ಚಿಕ್ಕವಳಿದ್ದಾಗ ದಪ್ಪಗಾಗುತ್ತಾ ಹೋದಂತೆಲ್ಲ ನಿಮ್ಮಮ್ಮನ ಅನುಮಾನ ನನ್ನ ಮೇಲೆಯೇ ಬಿತ್ತು. ಚಕ್ಕುಲಿ ಡಬ್ಬ ಅಟ್ಟ ಸೇರಿತು. ನಾನು ಹುಡುಗಿಯ ಪಕ್ಕ ಊಟಕ್ಕೆ ಕೂತರೆ ನಿಮ್ಮಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದಳು.

“ಅತ್ತೆ, ಕದ್ದು ಏನಾದ್ರೂ ತಿನ್ನಕ್ಕೆ ಕೊಟ್ಟಿದ್ರೆ ಹೇಳ್ಬುಡಿ. ಬೈಯಲ್ಲ.”

“ಇಲ್ಲ ಕಣಮ್ಮ.”

“ಹಂಗಾದ್ರೆ ಗಾಳಿ ಕುಡಿದು ಊದ್ಕೊಂಡ್ಳಾ?”

ನನಗೆ ಎದುರು ಮಾತಾಡಿ ಅಭ್ಯಾಸವಿಲ್ಲ. ಸುಮ್ಮನಿದ್ದದ್ದೇ ಸಾಕ್ಷಿಯಾಯಿತು. ನನ್ನನ್ನು ಮಗಳ ಮನೆಗೆ ಕಳಿಸುವ ಮಾತು ಬಂತು. ನಿಮ್ಮಪ್ಪ ತಟ್ಟೆ ನೋಡಿಕೊಂಡು ಉಂಡ. ಅವನ ಹೊಟ್ಟೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ನಿಮ್ಮಕ್ಕನನ್ನು ಬಿಟ್ಟು ಹೇಗಿರುವುದೆಂದು ನನಗೆ ಅನ್ನ ಸೇರದಾಯಿತು.

ಕಳಿಸುವ ಮುಂಚೆ ನಿಮ್ಮಮ್ಮ ನಮ್ಮಿಬ್ಬರನ್ನೂ ಸರಸ್ವತಿಪುರಂನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ನಿಮ್ಮಕ್ಕನನ್ನು ಪರೀಕ್ಷಿಸಿ ನನ್ನ ಕಡೆ ತಿರುಗಿದರು.

“ಅಜ್ಜಿ, ನಿಮ್ಮ ಮಗ ಹುಟ್ಟಿದಾಗ ಹೇಗಿದ್ರು?”

ಹೀಗೆ ಕೇಳಲು ನಿಮ್ಮಮ್ಮನೇ ಮೊದಲು ಹೇಳಿಕೊಟ್ಟಿರಬೇಕು ಎಂದುಕೊಂಡೆ. “ಇಲಿಮರಿ ಥರ ಇದ್ದ.”

“ಬಸುರಿಯಾಗಿದ್ದಾಗ ಹೊಟ್ಟೆ ತುಂಬ ಉಂಡ್ರಾ?”

ನಮ್ಮೂರಲ್ಲಿ ಮಗು ದಪ್ಪವಾದರೆ ಹೆರಿಗೆ ಕಷ್ಟವೆಂದು ಬಸುರಿಗೆ ಅರ್ಧ ಮುದ್ದೆಯನ್ನೇ ಹಾಕುತ್ತಿದ್ದರು. ನನ್ನತ್ತೆಯೂ ನನ್ನ ಒಳ್ಳೆಯದಕ್ಕೆಂದೇ ಹಾಗೆ ಮಾಡಿದ್ದು. ಅದನ್ನೇ ಹೇಳಿದೆ.

ಡಾಕ್ಟರಮ್ಮ ನಿಮ್ಮಮ್ಮನಿಗೆ ಹೇಳಿದರು: “ಹೊಟ್ಟೇಲೇ ಹಸಿದ ಮಗುವಿನ ಮೈ, ಮುಂದೂ ಬರಗಾಲವೇ ಅಂತ ಸಿಕ್ಕಿದ್ದನ್ನ ಕೂಡಿಡೋದು ಕಲಿತುಬಿಡಬಹುದು. ಆ ಗುರುತು ಅದರ ಮಕ್ಕಳಿಗೂ ಬರುತ್ತಾ ಅಂತ ವಿಜ್ಞಾನಿಗಳು ಇನ್ನೂ ಹುಡುಕ್ತಿದ್ದಾರೆ. ಅಪ್ಪನಿಂದ ಬಂದ ಗುಣವೂ ಇರುತ್ತೆ. ಇದೇ ಕಾರಣ ಅಂತ ನಾನು ಹೇಳಲ್ಲ. ಮಗು ಓಡಾಡಲಿ, ಹೊತ್ತಿಗೆ ಸರಿಯಾಗಿ ಉಣ್ಣಲಿ. ಮನೇಲಿ ಕಳ್ಳರನ್ನ ಹುಡುಕಬೇಡಿ.”

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಯಾವತ್ತೋ ಉಣ್ಣದ ಮುದ್ದೆ ಈಗ ಮೈಗೆ ಹತ್ತುವುದು ಹೇಗೆ?

ಆಟೊದಲ್ಲಿ ನಿಮ್ಮಕ್ಕ ಕೇಳಿದಳು: “ಅಜ್ಜಿ, ಅರ್ಧ ಮುದ್ದೆ ಸಾಲದಿದ್ರೆ ಏನ್ಮಾಡ್ತಿದ್ದೆ?”

“ನೀರು ಕುಡೀತಿದ್ದೆ ಕಣವ್ವ.”

ನಿಮ್ಮಮ್ಮ ರಸ್ತೆ ನೋಡುತ್ತಾ ಕೂತಿದ್ದಳು.

ಊಟದ ಹೊತ್ತಿಗೆ ನನ್ನ ಕೈಗೆ ಸೌಟು ಕೊಟ್ಟಳು. “ಅತ್ತೆ, ನಿಮ್ಮ ಮೊಮ್ಮಗಳಿಗೆ ನೀವೇ ಬಡಿಸಿ.”

ಇದೂ ಒಂದು ಪರೀಕ್ಷೆ ಇರಬೇಕೆಂದು ಅವಳ ಮುಖ ನೋಡಿದೆ. ಅವಳು ಬಾಗಿಲಿಗೆ ಹೋಗಲಿಲ್ಲ. ನನ್ನ ತಟ್ಟೆಗೆ ಇಡೀ ಮುದ್ದೆ ಇಟ್ಟು ಪಕ್ಕದಲ್ಲಿ ಕೂತಳು.

ಮಗಳ ಮನೆಯ ಮಾತು ಮತ್ತೆ ಬರಲಿಲ್ಲ. ಚಕ್ಕುಲಿ ಡಬ್ಬ ಮಾತ್ರ ಇವತ್ತಿಗೂ ಅಟ್ಟದ ಮೇಲೇ ಇದೆ.